ಅಕ್ಕ ಕಟ್ಟಿದ ತಂತಿ

ಮೂರನೇ ಸಲವೂ ನನ್ನ ಟೆನಿಸ್ ರಾಕೆಟ್ಟಿನ ತಂತಿ ಹರಿಯಿತು. ಅದೂ ಎಲ್ಲರ ಎದುರಿಗೆ, ನಾನು ಮೈಯೆಲ್ಲ ಬಲ ಹಾಕಿ ಹೊಡೆದ ಚೆಂದದ ಹೊಡೆತವೊಂದರಲ್ಲಿ. ಟಪ್ಪೆಂದು ಸದ್ದಾಯಿತು, ಚೆಂಡು ಹೋಗಿ ನೆಟ್ಟಿನ ಬುಡದಲ್ಲಿ ಕೂತಿತು, ಬೇಲಿಯಾಚೆ ನಿಂತಿದ್ದವರೆಲ್ಲ ‘ಪಾಪ’ ಎನ್ನುವ ಮುಖ ಮಾಡಿದರು. ಬೈದರೆ ತಡೆದುಕೊಳ್ಳುತ್ತೇನೆ. ಪಾಪ ಎಂದರೆ ನನಗೆ ಪಿತ್ತ ನೆತ್ತಿಗೇರುತ್ತದೆ.

ನಮ್ಮ ಕ್ಲಬ್ಬಿನ ಕೋಚ್‌ಗೆ ಎಲ್ಲರೂ ಸೀಟಿ ಎನ್ನುತ್ತಾರೆ. ಕೊರಳಲ್ಲಿ ಸೀಟಿ ಇಲ್ಲದೆ ಅವನನ್ನು ಕಂಡವರಿಲ್ಲ. ಅವನು ಹತ್ತಿರ ಬಂದು ದನಿ ತಗ್ಗಿಸಿದ.

“ಬೇಜಾರು ಮಾಡ್ಕೋಬೇಡಿ ಮೇಡಂ. ಭಾನುವಾರ ಲೀಗ್ ಶುರು. ಹೀಗೆ ಬಂದಾಗೆಲ್ಲ ತಂತಿ ಹರೀತಿದ್ರೆ ಸಿಂಗಲ್ಸ್‌ಗೆ ಬೇರೆಯವರನ್ನ ಹಾಕ್ಬೇಕಾಗುತ್ತೆ.”

“ತಂತಿಯಲ್ಲೇ ಏನೋ ಐಬಿದೆ,” ಎಂದೆ.

ಕುಣಿಯಲಾರದವಳು ನೆಲ ಡೊಂಕು ಎಂದಳಂತೆ ಎಂದು ಅವನು ಬಾಯಿಬಿಟ್ಟು ಹೇಳಲಿಲ್ಲ. ಅವನ ಹುಬ್ಬು ಹೇಳಿತು.

ನನಗೆ ಐವತ್ತಾರು. ಹೋದ ವರ್ಷದವರೆಗೆ ಬರೀ ಪಾಲಿಯೆಸ್ಟರ್ ತಂತಿಯಲ್ಲಿ ಆಡುತ್ತಿದ್ದೆ. ಅದು ಸುಲಭಕ್ಕೆ ಹರಿಯುವುದಿಲ್ಲ, ಆದರೆ ಮಹಾ ಬಿರುಸು. ಪ್ರತಿ ಹೊಡೆತದ ಪೆಟ್ಟನ್ನೂ ತಂದು ಮೊಣಕೈಗೆ ಒಪ್ಪಿಸುತ್ತದೆ. ಕೊನೆಗೆ ಚಮಚ ಎತ್ತಲೂ ಆಗದಂತಾದಾಗ ಡಾಕ್ಟರು, “ಒಂದೋ ಆ ತಂತಿ ಬಿಡಿ, ಇಲ್ಲಾ ಆಟ ಬಿಡಿ,” ಎಂದರು. ನಾನು ತಂತಿ ಬಿಟ್ಟೆ. ದನದ ಕರುಳಿನಿಂದ ಮಾಡುವ ತಂತಿ ಮೃದು, ಕೈಗೆ ಹಿತ. ಆದರೆ ಬರೀ ಅದನ್ನೇ ಕಟ್ಟಿದರೆ ನನ್ನ ಹೊಡೆತಕ್ಕೆ ಒಂದನ್ನೊಂದು ಉಜ್ಜಿಕೊಂಡು ಬೇಗ ಸವೆಯುತ್ತದೆ. ಅದಕ್ಕೇ ಎರಡನ್ನೂ ಕೂಡಿಸಿ ಕಟ್ಟುವುದು: ಉದ್ದಕ್ಕೆ ಕರುಳು, ಅಡ್ಡಕ್ಕೆ ನುಣುಪಾದ ಪಾಲಿಯೆಸ್ಟರ್. ನುಣುಪಿನ ಮೇಲೆ ಕರುಳು ಜಾರಿಕೊಂಡು ಆಡುತ್ತದೆ, ಸವೆತ ಕಡಿಮೆ. ಒಂದು ತಿಂಗಳಾದರೂ ಬಾಳಬೇಕು.

ಕಟ್ಟುವವಳು ನಮ್ಮಕ್ಕ. ಕ್ಲಬ್ಬಿನ ಮೆಟ್ಟಿಲ ಕೆಳಗಿನ ಕೋಣೆಯಲ್ಲಿ ಗಟ್ಟಿಂಗ್ ಅಂಗಡಿ, ಅಂದರೆ ರಾಕೆಟ್ಟಿಗೆ ತಂತಿ ಕಟ್ಟುವ ಅಂಗಡಿ, ಇಟ್ಟಿದ್ದಾಳೆ. ನಾವಿಬ್ಬರೂ ಒಂದೇ ಮನೆಯಲ್ಲಿರುವವರು. ಊರಿಗೆಲ್ಲ ಕಟ್ಟಿಕೊಡುವವಳ ತಂಗಿಯ ರಾಕೆಟ್ಟೇ ಹೀಗಾದರೆ ಯಾರ ಹತ್ತಿರ ಹೇಳಿಕೊಳ್ಳುವುದು?

ಒಂದು ತಂತಿ ಹರಿದ ಕೂಡಲೇ ಮಿಕ್ಕವನ್ನೂ ನಡುವಿನಿಂದ ಕತ್ತರಿಸಿ ತೆಗೆಯಬೇಕು, ಇಲ್ಲದಿದ್ದರೆ ಎಳೆತ ಒಂದೇ ಕಡೆ ಬಿದ್ದು ಚೌಕಟ್ಟು ಸೊಟ್ಟಗಾಗುತ್ತದೆ. ಇದು ಅಕ್ಕನ ಕಟ್ಟಪ್ಪಣೆ. ಹಿಂದಿನ ಎರಡು ಸಲ ಬಾಗಿಲಲ್ಲೇ ನನ್ನ ಕೈಯಿಂದ ರಾಕೆಟ್ ಕಸಿದುಕೊಂಡು ಅವಳೇ ಕತ್ತರಿಸಿ ಬುಟ್ಟಿಗೆ ಹಾಕಿದ್ದಳು. ಈ ಸಲ ಅವಳು ಊಟಕ್ಕೆ ಹೋಗಿದ್ದಳು. ನಾನೇ ಕತ್ತರಿಸಿ, ತುಂಡುಗಳನ್ನು ಜೇಬಿಗೆ ತುರುಕಿಕೊಂಡು ಮೆಟ್ಟಿಲ ಮೇಲೆ ಕಾಯುತ್ತಾ ಕೂತೆ. ಸಿಟ್ಟಿಗೆ ಅವನ್ನೇ ಬೆರಳಲ್ಲಿ ಹೊಸಕುತ್ತಿದ್ದೆ. ಅಡ್ಡ ತಂತಿಯ ತುಂಡೊಂದು ಬೆರಳಿಗೆ ಒರಟಾಗಿ ತಾಗಿತು.

ತೆಗೆದು ಬೆಳಕಿಗೆ ಹಿಡಿದೆ. ನುಣುಪೂ ಇಲ್ಲ, ಗುಂಡಗೂ ಇಲ್ಲ. ಮೂಲೆಗಳಿದ್ದ ತಂತಿ, ಚೆಂಡು ಚೆನ್ನಾಗಿ ಸುತ್ತಲಿ ಎಂದು ಹುಡುಗರು ಕಟ್ಟಿಸಿಕೊಳ್ಳುವಂಥದ್ದು. ಕರುಳಿನ ಜೊತೆಗೆ ಅದನ್ನು ಕಟ್ಟುವುದೂ ಒಂದೇ, ಗರಗಸ ಇಡುವುದೂ ಒಂದೇ. ಅಕ್ಕ ಕೈತಪ್ಪಿ ಕಟ್ಟುವವಳಲ್ಲ, ಕಣ್ಣು ಮುಚ್ಚಿಕೊಂಡು ಮುಟ್ಟಿದರೂ ಯಾವ ತಂತಿ ಎಂದು ಹೇಳುತ್ತಾಳೆ. ಬೇಲಿಯೇ ಎದ್ದು ಹೊಲ ಮೇಯ್ದಿತ್ತು.

ಅವಳು ಬಂದು ಬೀಗ ತೆಗೆದಳು. ನಾನು ಆ ತುಂಡನ್ನು ಅವಳ ಮೇಜಿನ ಮೇಲಿಟ್ಟೆ.

“ಇದೇನಕ್ಕಾ?”

ಅವಳು ನೋಡಿದಳು. ಸುಳ್ಳು ಹೇಳಲಿಲ್ಲ, ಅದೊಂದು ಪುಣ್ಯ.

“ಬೇಗ ಬೇಗ ಹರೀಲಿ ಅಂತಾನೇ ಕಟ್ಟಿದೆ. ಆಟ ಬೇಡ ಅಂದ್ರೆ ಕೇಳೋಳಾ ನೀನು? ನಿಂಗೇ ಸಾಕಾಗಿ ಬಿಟ್ಬಿಡ್ತೀಯ ಅಂದ್ಕೊಂಡೆ.”

“ಎರಡು ವಾರದಿಂದ ಊರೆಲ್ಲ ನನ್ನ ಆಟ ಮುಗೀತು ಅಂತಿದೆ. ನೀನು ಕೇಳ್ಕೊಂಡು ಸುಮ್ನಿದ್ಯಾ?”

“ಕೈ ಎತ್ತಕ್ಕಾಗ್ದೆ ಕೂತಿದ್ದಾಗ ನಿನ್ನ ತಲೆ ಬಾಚಿದ್ದು ಯಾರೇ? ಊರೋ, ನಾನೋ?”

ಈ ಮಾತು ನಾಟಿತು. ಆದರೂ ಬಗ್ಗಲಿಲ್ಲ.

“ಇನ್ನೊಂದ್ಸಲ ಬಾಚ್ಬೇಕಾಗಿ ಬಂದ್ರೆ ಬಾಚು. ಇಲ್ಲಾಂದ್ರೆ ಬೋಳಿಸ್ಕೊಂಡೇ ಆಡ್ತೀನಿ. ಕೈ ನಂದು. ಬಿಡೋದಾದ್ರೆ ನಾನು ಬಿಡ್ತೀನಿ, ನೀನು ಬಿಡಿಸೋದಲ್ಲ.”

“ಕರುಳಿಂದು ಒಂದೇ ಪ್ಯಾಕೆಟ್ ಇರೋದು. ಈ ಸೀಸನ್‌ಗೆ ಇನ್ನು ಬರಲ್ಲ.”

“ಸಾಕು. ಅದು ಹರಿಯೋವರೆಗೂ ಆಡ್ತೀನಿ. ಅಲ್ಲೀತನಕ ಯಾರೂ ತುಟಿ ಬಿಚ್ಚಕೂಡದು.”

“ನಾನು ಕಟ್ಟಲ್ಲ.”

“ಕಟ್ಬೇಡ.”

ಕಪಾಟಿನಿಂದ ಪ್ಯಾಕೆಟ್ ತೆಗೆದು, ರಾಕೆಟ್ಟನ್ನು ಮಷಿನ್ನಿಗೆ ಸಿಕ್ಕಿಸಿ ಕೂತೇಬಿಟ್ಟೆ. ಅಕ್ಕ ಕಟ್ಟುವುದನ್ನು ಸಾವಿರ ಸಲ ನೋಡಿದ್ದೇನೆ. ನೋಡಿದವರೆಲ್ಲ ಕಟ್ಟುವ ಹಾಗಿದ್ದರೆ ಅವಳ ಅಂಗಡಿ ಎಂದೋ ಮುಚ್ಚುತ್ತಿತ್ತು. ಸುರುಳಿ ಬಿಚ್ಚುವಾಗಲೇ ಅದು ನನ್ನ ಮೊಣಕಾಲಿಗೆ ಸುತ್ತಿಕೊಂಡಿತು. ಕರುಳಿನ ತಂತಿ ಒಂದೇ ಒಂದು ಕಡೆ ಮಡಿಸಿಕೊಂಡರೂ ಅಲ್ಲೇ ಸಾಯುತ್ತದೆ, ಅದು ನನಗೂ ಗೊತ್ತಿತ್ತು. ಆದರೂ ಎಳೆದೆ.

ಅಕ್ಕ ಗೋಡೆಗೆ ಮುಖ ಮಾಡಿ ನಿಂತಿದ್ದಳು. ಮೂರನೇ ಎಳೆತಕ್ಕೆ ತಿರುಗಿದಳು. ನಾಲ್ಕನೆಯದಕ್ಕೆ ಅವಳಿಂದ ತಡೆಯಲಾಗಲಿಲ್ಲ.

“ಅಯ್ಯೋ ಪಾಪಿ, ಹಾಗಲ್ಲ ಕಣೇ! ಮಡಿಕೆ ಬೀಳುತ್ತೆ! ಏಳು, ಏಳು ಮೇಲೆ!”

ಭುಜ ಹಿಡಿದು ನನ್ನನ್ನು ಪಕ್ಕಕ್ಕೆ ತಳ್ಳಿ ತಾನು ಕೂತಳು. ನಾನು ಎಳೆದದ್ದನ್ನೆಲ್ಲ ಮೆಲ್ಲಗೆ ಬಿಚ್ಚಿ, ಉದ್ದಕ್ಕೂ ಬೆರಳಾಡಿಸಿ, ಎಲ್ಲೂ ಮಡಿಸಿಲ್ಲ ಎಂದು ಖಾತ್ರಿ ಮಾಡಿಕೊಂಡು ಮೊದಲಿನಿಂದ ಶುರು ಮಾಡಿದಳು. ಅಡ್ಡಕ್ಕೆ ಗುಂಡನೆಯ ತಂತಿಯನ್ನೇ ತೆಗೆದುಕೊಂಡಳು. ಕರುಳು ಬಿಸಿಯಾಗದಂತೆ ಒಂದೊಂದನ್ನೂ ಮೇಲೆ ಕೆಳಗೆ ತೂರಿಸಿ ನಿಧಾನಕ್ಕೆ ಎಳೆದಳು. ಮುಗಿಯುವವರೆಗೂ ನನ್ನ ಮುಖ ನೋಡಲಿಲ್ಲ. ಕೊನೆಯ ಗಂಟು ಹಾಕಿ ರಾಕೆಟ್ಟನ್ನು ನನ್ನ ಮಡಿಲಿಗೆ ಎಸೆದಳು.

ಭಾನುವಾರ ನನ್ನ ಎದುರಿಗೆ ಬಂದವಳಿಗೆ ನನ್ನ ಅರ್ಧ ವಯಸ್ಸು. ಮೊದಲ ಸೆಟ್ಟಿನಲ್ಲಿ ನಾನು ಆಡಿದ್ದು ಆಟವೇ ಅಲ್ಲ. ಕೊನೆಯ ತಂತಿ, ಹರಿದರೆ ಮುಗಿಯಿತು ಎಂಬ ಹೆದರಿಕೆಗೆ ಚೆಂಡನ್ನು ತಟ್ಟಿ ತಟ್ಟಿ ಕಳಿಸಿದೆ, ಹೀನಾಯವಾಗಿ ಸೋತೆ. ಬೇಲಿಯಾಚೆ ಮತ್ತೆ ಪಾಪದ ಮುಖಗಳು ಕಂಡವು.

ಅವುಗಳ ನಡುವೆ ಅಕ್ಕ ನಿಂತಿದ್ದಳು. ಅವಳು ಅಂಗಡಿ ಬಿಟ್ಟು ಮೇಲೆ ಬಂದು ಆಟ ನೋಡಿದವಳೇ ಅಲ್ಲ. ಸದ್ದು ಕೇಳಿದರೆ ಸಾಕು, ನೋಡುವುದೇನಿದೆ ಎನ್ನುತ್ತಿದ್ದಳು. ನಾನು ಮೆತ್ತಗೆ ತಟ್ಟುವ ಆ ಸದ್ದೇ ಅವಳನ್ನು ಎಬ್ಬಿಸಿಕೊಂಡು ಬಂದಿರಬೇಕು.

“ಲೇ ಪುಟ್ಟೀ!” ಐವತ್ತಾರರ ನನ್ನನ್ನು ಕ್ಲಬ್ಬಿಗೆ ಕ್ಲಬ್ಬೇ ಕೇಳುವಂತೆ ಕರೆದಳು. “ಏನು ಮಗು ತಟ್ಟಿ ಮಲಗಿಸ್ತಿದೀಯಾ? ಹೊಡಿಯೇ! ಅದು ನಾನು ಕಟ್ಟಿದ್ದು!”

ಹೊಡೆದೆ. ಎರಡನೇ ಸೆಟ್ ಗೆದ್ದೆ. ಮೂರನೆಯದು ಕೂದಲೆಳೆಯಲ್ಲಿ ಹೋಯಿತು. ಕೈ ಕುಲುಕುವಾಗ ಎದುರಾಳಿ ನನಗಿಂತ ಹೆಚ್ಚು ಏದುಸಿರು ಬಿಡುತ್ತಿದ್ದಳು. ಮೊಣಕೈ ಬಿಸಿಯಾಗಿತ್ತು, ನೋವಿರಲಿಲ್ಲ.

ಸೀಟಿ ಬಂದ. “ಚೆನ್ನಾಗಿ ಆಡಿದ್ರಿ ಮೇಡಂ. ಇಷ್ಟಕ್ಕೇ ಮರ್ಯಾದೆಯಾಗಿ ನಿಲ್ಲಿಸಿದ್ರೆ...”

ಅಕ್ಕ ನನ್ನ ಕೈಯಿಂದ ರಾಕೆಟ್ ಕಿತ್ತುಕೊಂಡಳು. ಉದ್ದದ ತಂತಿಗಳ ಮೇಲೆ ಅಲ್ಲಲ್ಲಿ ಜುಂಗು ಎದ್ದಿತ್ತು. ಅಂಗೈಯಿಂದ ಒತ್ತಿದಳು, ಉಗುರಿನಿಂದ ಒಂದೊಂದನ್ನೂ ಮೀಟಿದಳು. ಆಮೇಲೆ ಅದನ್ನು ಅವನ ಮೂಗಿನ ಹತ್ತಿರಕ್ಕೇ ಹಿಡಿದಳು.

“ಹರಿದಿದೆಯಾ?”

“ಇಲ್ಲ...”

“ಮತ್ತಿನ್ನೇನು? ಮುಂದಿನ ಭಾನುವಾರ ಯಾರ ಮೇಲೆ ಆಟ, ಅದನ್ನ ಹೇಳಪ್ಪ.”