ರೇವಪ್ಪನವರ ಅರ್ಧ ಶಟರಿನ ಸೆಟ್ಟಿಂಗ್

೧
ಎಲ್ಲಿಂದ ಶುರು ಮಾಡಲಿ? ನಾರಾಯಣಖೇಡದ ಲಾಠಿ ಚಾರ್ಜಿನಿಂದ ಅಂದರೆ ನಿಮಗೆ ಖುಷಿ. ಆದರೆ ಪ್ರತ್ಯೇಕ ತೆಲಂಗಾಣಕ್ಕಾಗಿ ನಡೆದ ಆ ಬಂದ್ ದಿನ ಅಲ್ಲಿ ಲಾಠಿ ಚಾರ್ಜೇ ಆಗಲಿಲ್ಲ. ಪೊಲೀಸರು ಬಾಳೆಹಣ್ಣು ತಿನ್ನುತ್ತ ಕೂತಿದ್ದರು. ಹೀಗಾಗಿ ಒಂದು ವೆಬ್‌ಸೈಟಿನ ಸೆಟ್ಟಿಂಗ್ಸ್ ಪುಟದಿಂದ ಶುರು ಮಾಡುತ್ತೇನೆ. (ಎದ್ದು ಹೋಗಬೇಡಿ. ನನಗೂ ಬೇರೆ ದಾರಿಯಿಲ್ಲ.)

೨
[ಹರಿದು ಹಾಕಿದ ಡ್ರಾಫ್ಟ್] ಶಿವಗಂಗಾ ತೆಲಂಗಾಣ ಹೋರಾಟದ ಕಿಡಿಯಾಗಿದ್ದಳು...

ಇದನ್ನು ಓದಿ ಸ್ವತಃ ಶಿವಗಂಗಾ ನಕ್ಕಳು. "ಕಿಡಿ ಗಿಡಿ ಬ್ಯಾಡ್ರಿ. ಬಟ್ಟಿ ಅಂಗಡ್ಯಾಗ ಕಂಪ್ಯೂಟರ್ ನೋಡ್ಕೋತಾಳ ಅಂತ ಬರೀರಿ, ಸಾಕು."

೩
ಆಯಿತು ತಾಯಿ. ರೇವಪ್ಪನವರಿಗೆ ಮೂರು ಬಟ್ಟೆ ಅಂಗಡಿ: ಜಹೀರಾಬಾದ್, ತಾಂಡೂರು, ನಾರಾಯಣಖೇಡ. ಮೂರಕ್ಕೂ ಒಂದೇ ವೆಬ್‌ಸೈಟ್, ಮಾಡಿದವಳು ಶಿವಗಂಗಾ. ಸೆಟ್ಟಿಂಗ್ಸ್ ಪುಟದಲ್ಲಿ ಮೂರಕ್ಕೂ ಸೇರಿ 'ಅಂಗಡಿ ತೆರೆದಿದೆಯೇ?' ಎಂಬ ಒಂದೇ ಖಾನೆ. 'ಇಲ್ಲ' ಎಂದು ಬರೆದರೆ ಮುಚ್ಚಿದೆ, ಅಂಗಡಿಯ ಹುಡುಗರೂ ಅದನ್ನು ನೋಡಿ ಶಟರ್ ಪೂರ್ತಿ ಎಳೆಯುತ್ತಾರೆ. ಬೇರೆ ಏನೇ ಬರೆದರೂ ತೆರೆದಿದೆ ಎಂದರ್ಥ, ಕೂಡಲೇ ಗಿರಾಕಿಗಳಿಗೆಲ್ಲ ಮೆಸೇಜು ಹೋಗುತ್ತದೆ.

'ಹೌದು', 'ಇಲ್ಲ' ಬಿಟ್ಟು ಮೂರನೆಯದನ್ನೂ ಜನ ಬರೆಯಬಹುದೆಂದು ಅವಳಿಗೆ ಹೊಳೆದಿರಲಿಲ್ಲ. ಹೊಳೆಯಬೇಕಿತ್ತು. ಈ ಸೀಮೆಯಲ್ಲಿ ಬಂದ್ ಎಂದರೆ ಶಟರ್ ಅರ್ಧ ಇಳಿಯುತ್ತದೆ: ಮೇಲಿನರ್ಧ ಹೋರಾಟಕ್ಕೆ, ಕೆಳಗಿನರ್ಧ ವ್ಯಾಪಾರಕ್ಕೆ.

೪
ಅವತ್ತು ಅವಳು 'ಇಲ್ಲ' ಹಾಕಿ, ನಾರಾಯಣಖೇಡದಲ್ಲಿ ಸರದಿಯ ಮೇಲೆ ಕೂಡುವ ರಿಲೇ ಉಪವಾಸದ ಟೆಂಟಿನಲ್ಲಿ ಬಂದು ಕೂತಳು. ಹೊಸ ರಾಜ್ಯ ಬಂದರೆ ಸರ್ಕಾರಿ ನೌಕರಿ ಸಿಗುತ್ತದೆಂಬ ಆಸೆ. ಅಲ್ಲಿಯತನಕ ಮನೆ ನಡೆಯುವುದು ರೇವಪ್ಪನವರ ಅಂಗಡಿಯ ನೌಕರಿಯಿಂದ. ಅವಳಿಗೆ ಟೆಂಟೂ ಬೇಕು, ಅಂಗಡಿಯೂ ಬೇಕು.

ಅತ್ತ ಜಹೀರಾಬಾದಿನಲ್ಲಿ ರೇವಪ್ಪ 'ಇಲ್ಲ' ಅಳಿಸಿ, ಬಹಳ ಪ್ರಾಮಾಣಿಕವಾಗಿ ಬರೆದರು: 'ಅರ್ಧ ಶಟರ್'.

ಟೆಂಟಿನಲ್ಲಿ ಕೂತವರೆಲ್ಲ ಆ ಅಂಗಡಿಯ ಗಿರಾಕಿಗಳೇ, ಎಲ್ಲರ ಫೋನುಗಳೂ ಒಟ್ಟಿಗೇ ಬಡಿದುಕೊಂಡವು. ಮೂರೂ ಅಂಗಡಿ ತೆರೆದಿವೆ, ಬನ್ನಿರಿ!

ಉಪವಾಸದ ಮುಂದಾಳು ಸಾವಿತ್ರೀಬಾಯಿ, ಸರ್ಕಾರಿ ಗುಮಾಸ್ತೆ, ಫೋನನ್ನು ಶಿವಗಂಗಾಳ ಮುಖಕ್ಕೆ ಹಿಡಿದರು. "ಇದೇನವಾ? ನೀ ಇಲ್ಲಿ ಜೈ ತೆಲಂಗಾಣ ಅಂತಿ, ನಿನ್ನ ಅಂಗಡಿ ಅಲ್ಲಿ ಗಿರಾಕಿ ಕರಿಯಾಕತ್ತದ? ಮುಚ್ಚಸು. ಇಲ್ಲಾಂದ್ರ ನಾಳಿಂದ ಟೆಂಟಿಗೆ ಬರಬ್ಯಾಡ."

ಅವಳು ರೇವಪ್ಪನವರಿಗೆ ಫೋನು ಹಚ್ಚಿದಳು. "ಸಾವಕಾರ್ರ, ಅದು ಪೂರಾ ತೆರದದ ಅಂತ ತೋರಸ್ಲಾತದರಿ."

"ನಾ ಸುಳ್ಳು ಬರದೀನೇನು? ಅರ್ಧಾ ಅಂತ ಸಾಫ್ ಬರದೀನಲ್ಲ! ಅದನ್ನ ಮುಟ್ಟಿದ್ಯಂದ್ರ ನಾಳಿಂದ ಕೆಲಸಕ್ಕ ಬರಬ್ಯಾಡ."

೫
ಇಂಥ ಹೊತ್ತಿಗೇ ಅಲ್ಲವೇ ಲೇಖಕ ಬೇಕಾಗುವುದು? ಎರಡು ಅಂತ್ಯ ತಂದೆ. ಒಂದು: ನೆಟ್ ಕೈಕೊಡುತ್ತದೆ, ಯಾರೂ ಏನೂ ಮಾಡಬೇಕಾಗಿಲ್ಲ. ಇನ್ನೊಂದು: ರೇವಪ್ಪನವರ ಮಗ ಪ್ರವೀಣಕುಮಾರ ಹೋರಾಟದ ಗುಲಾಬಿ ಶಾಲು ಹೊದ್ದು ಬಂದು ಶಟರ್ ಪೂರ್ತಿ ಎಳೆಯುತ್ತಾನೆ, ಕಣ್ಣು ಕಣ್ಣು ಕೂಡುತ್ತವೆ, ಶುಭಂ.

"ಪ್ರವೀಣಕುಮಾರಗ ಎರಡು ಮಕ್ಕಳದಾವ್ರಿ," ಎಂದು ಶಿವಗಂಗಾ ಎದ್ದು ನೆಟ್ ಸೆಂಟರಿಗೆ ಹೊರಟಳು. (ಅದರ ಶಟರೂ ಅರ್ಧ ಇಳಿದಿತ್ತು. ಬಗ್ಗಿ ಒಳಗೆ ಹೋದಳು. ಇದನ್ನು ನಾನು ಸೇರಿಸಿದ್ದಲ್ಲ, ನಿಮ್ಮಾಣೆಗೂ.)

ಸೆಟ್ಟಿಂಗ್ಸ್ ಪುಟ ತೆರೆಯುವಷ್ಟರಲ್ಲಿ ಸಾವಿತ್ರೀಬಾಯಿಯೂ ಬಗ್ಗಿ ಬಂದರು. ಈಗ ದನಿ ಮೆತ್ತಗಾಗಿತ್ತು. "ಒಂಚೂರು ತಡಿಯವಾ. ಬ್ಯಾನರಿನ ಬಟ್ಟಿ ತೀರಿ ಹೋಗ್ಯಾದ. ಹೆಂಗೂ ಅಂಗಡಿ ತೆರದದ. ನಮ್ಮವರು ಹೋಗಿ ಗುಲಾಬಿ ಬಟ್ಟಿ ತಂದಬಿಡ್ಲಿ, ಆಮ್ಯಾಲ ಮುಚ್ಚಸು."

ಶಿವಗಂಗಾಳಿಗೆ ಸಿಟ್ಟು ನೆತ್ತಿಗೇರಿತು, ಅಳುವೂ ಬಂತು. 'ಇಲ್ಲ' ಎಂದು ಬರೆದು ಒತ್ತಿದಳು. ಯಾರೂ ಮತ್ತೆ ಮುಟ್ಟದಂತೆ ಪಾಸ್‌ವರ್ಡನ್ನೂ ಬದಲಿಸಿದಳು. ಬ್ಯಾನರಿಲ್ಲದ ಸಾವಿತ್ರೀಬಾಯಿ "ಇನ್ನ ಟೆಂಟಿಗೆ ಬರಬ್ಯಾಡ" ಎಂದು ಮುಖ ತಿರುಗಿಸಿ ಹೊರಟುಹೋದರು. ರೇವಪ್ಪನವರ ಫೋನು ಬಂತು. ಕೆಲಸಕ್ಕೆ ಬರಬೇಡವೆಂದು ಮತ್ತೊಮ್ಮೆ ಹೇಳಿ ಇಟ್ಟರು.

೬
ನನಗೆ ಹೆದರಿಕೆಯಾಯಿತು. "ಇದು ಭಾಳ ಆತವಾ. ನೌಕರೀನೂ ಹೋತು, ಟೆಂಟೂ ಹೋತು. ಓದೋರು ನನಗ ಬೈತಾರ. ಸಾವಿತ್ರೀಬಾಯಿ ಬಂದು ನಿನ್ನ ಅಪ್ಪಿಕೊಂಡ್ರು ಅಂತ ಒಂದು ಸಾಲು ಹಾಕ್ಲಿ?"

"ಹಾಕಬ್ಯಾಡ್ರಿ."

"ಮತ್ತ ಈಗ ಎಲ್ಲಿಗೆ ಹೊಂಟಿ?"

"ಟೆಂಟಿಗೆ."

"ಅಲ್ಲಿ ನಿನಗ ಯಾರು ಕೂಡಸ್ಕೋತಾರ?"

ಅವಳು ಕಣ್ಣೊರೆಸಿಕೊಂಡಳು. "ಕೆಲಸ ಇಲ್ಲದವರಿಗಿ ಕೆಲಸ ಬೇಕಂತೇ ಅಲ್ಲೇನ್ರಿ ಈ ಹೋರಾಟ? ಮುಂಜಾನಿ ಕೆಲಸ ಇತ್ತು, ಸುಮ್ಮ ಕೂತಿದ್ದೆ. ಈಗ ಹಕ್ಕಿನಿಂದ್ಲೇ ಕೂಡ್ತೀನಿ."

ಹೋದಳು. ಟೆಂಟಿನವರು ಜಾಗ ಬಿಟ್ಟರೋ ಇಲ್ಲವೋ ನಾನು ಬರೆಯುವುದಿಲ್ಲ. ಇಷ್ಟೊತ್ತು ಅವರ ನಡುವೆ ಆರಾಮಾಗಿ ಕೂತು ಎಲ್ಲ ನೋಡಿದವರು ನೀವು. ಅವಳು ಬರುತ್ತಿದ್ದಾಳೆ. ಸ್ವಲ್ಪ ಸರಿಯುತ್ತೀರಾ?