ಉಣಕಲ್ ಸಿಗ್ನಲ್ಲಿನಲ್ಲಿ ನಿಂತ ಗಾಡಿ

ತಾನು ಓಡಿಸಿದ ಗಾಡಿಯಲ್ಲಿ ಏನಾದರೂ ಒಂದು ದೋಷ ಸಿಗಲಿ ಎಂದು ಬೇಡಿಕೊಂಡ ಡ್ರೈವರ್ ಧಾರವಾಡದಲ್ಲಿ ಉಳವಪ್ಪ ಒಬ್ಬನೇ ಇದ್ದಾನು. ಬೆಳಗಿನಿಂದ ಮೂರು ಸಲ ಗಾಡಿ ನಿಂತ ಶೆಡ್ಡಿಗೆ ಹೋಗಿ ಬಂದಿದ್ದ. ಹತ್ತಕ್ಕೆ ಬರುತ್ತೇನೆಂದ ಮೆಕ್ಯಾನಿಕ್ ಗೌಸಮೊದ್ದೀನ ಹನ್ನೊಂದಾದರೂ ಬಂದಿರಲಿಲ್ಲ.

ಗರಗದ ಉಳವಪ್ಪ ಮೂವತ್ತು ವರ್ಷ ಹತ್ತಿ ವ್ಯಾಪಾರಿ ಗುರುಸಿದ್ದಯ್ಯ ಸಾವಕಾರರ ಅಂಬಾಸಿಡರ್ ಓಡಿಸಿದವನು. ಅವರ ಮನೆಯ ಹಿಂದಿನ ಎರಡು ಖೋಲಿಯಲ್ಲೇ ಅವನ ಸಂಸಾರ. ಎರಡು ಸಾವಿರದ ಎಂಟರಲ್ಲಿ ಸಾವಕಾರರು ಪೆಟ್ರೋಲು, ಬ್ಯಾಟರಿ ಎರಡರ ಮೇಲೂ ಓಡುವ ಹೈಬ್ರಿಡ್ ಗಾಡಿ ತಂದರು. ಅದನ್ನು ಮಾತ್ರ ಅವರೇ ಓಡಿಸುತ್ತಿದ್ದರು. ತೊಳೆಯುವಾಗ ಅಂಗಳದಲ್ಲಿ ನಾಲ್ಕು ಮಾರು ಹಿಂದೆ ಮುಂದೆ ಮಾಡಿದ್ದು ಬಿಟ್ಟರೆ ಉಳವಪ್ಪ ಅದನ್ನು ರಸ್ತೆಗೆ ಒಯ್ದವನಲ್ಲ.

ಒಂದೇ ಒಂದು ಸಲ ಒಯ್ದಿದ್ದ. ಮೂರು ವಾರದ ಹಿಂದೆ, ಮಧ್ಯಾಹ್ನ, ಹೆಂಡತಿ ಸತ್ಯವ್ವ ಎದೆ ಹಿಡಿದುಕೊಂಡು ಕುಸಿದಾಗ. ಅಂಬಾಸಿಡರಿನ ಗಾಲಿ ಬಿಚ್ಚಿಟ್ಟಿತ್ತು. ಮುಂಬಯಿಯಲ್ಲಿದ್ದ ಸಾವಕಾರರು ಫೋನಿನಲ್ಲೇ, "ನನ್ನ ಗಾಡಿ ತಗೊಂಡು ಹೋಗೋ, ಲಗೂ ಹೋಗು" ಎಂದರು. ಹಿಂದಿನ ಸೀಟಿನಲ್ಲಿ ಮಗಳು ಕಾವೇರಿ, ಅವಳ ತೊಡೆಯ ಮೇಲೆ ಸತ್ಯವ್ವನ ತಲೆ. ಹುಬ್ಬಳ್ಳಿಯ ದೊಡ್ಡ ದವಾಖಾನೆಗೆ ಹೊರಟವರಿಗೆ ಉಣಕಲ್‌ನಲ್ಲಿ ಕೆಂಪು ದೀಪ ಬಿತ್ತು. ಉಳವಪ್ಪ ಬ್ರೇಕು ಒತ್ತಿದ. ಇಂಜಿನ್ ಬಂದಾಯಿತು. ಚಾವಿ ತಿರುಗಿಸಿ ಆರಿಸಿ ಮತ್ತೆ ತಿರುಗಿಸಿದ, ಸದ್ದೇ ಇಲ್ಲ. ಬಾನೆಟ್ಟು ತೆಗೆದ. ನಾಲ್ಕು ಮಂದಿಯನ್ನು ಕರೆದು, ಅಂಬಾಸಿಡರನ್ನು ದಬ್ಬಿಸಿದಂತೆ ದಬ್ಬಿಸಿದ. "ಗಾಬರಿ ಆಗಬ್ಯಾಡ್ರಿ, ನನಗೇನ ಆಗೂದಿಲ್ಲ" ಎಂದಳು ಸತ್ಯವ್ವ. ಕೊನೆಗೊಂದು ಟೆಂಪೋ ಸಿಕ್ಕಿತು. ಅರ್ಧ ತಾಸು ಮೊದಲು ಬಂದಿದ್ದರೆ ನೋಡಬಹುದಿತ್ತು ಎಂದರು ಡಾಕ್ಟರು. ಉಣಕಲ್‌ನಲ್ಲಿ ಹೋದದ್ದು ಅರ್ಧ ತಾಸೇ.

ಮರುದಿನ ಗಾಡಿ ತರಲು ಹೋದವರಿಗೆ ಅದು ಒಂದೇ ಸಲಕ್ಕೆ ಚಾಲೂ ಆಯಿತಂತೆ. ಬಂದು ಹೋಗುವ ದೋಷ ಇದ್ದೀತು ಎಂದರು ಜನ. ಅನ್ನದ ಮುಂದೆ ಸುಮ್ಮನೆ ಕೂತ ತಂದೆಗೆ ಕಾವೇರಿ ದಿನವೂ ಹೇಳುತ್ತಿದ್ದಳು: "ಗಾಡಿ ಕೆಟ್ರ ನೀ ಏನ ಮಾಡ್ತಿ ಅಪ್ಪಾ? ಉಣ್ಣು." ಆ ಮಾತಿನ ಮೇಲೆಯೇ ಉಳವಪ್ಪ ನಾಲ್ಕು ತುತ್ತು ಉಣ್ಣುತ್ತಿದ್ದ. ಊರಿಗೆ ಬಂದ ಸಾವಕಾರರು ಹೇಗೆ ನಿಂತಿತು ಎಂದು ಕೇಳಲಿಲ್ಲ. "ಗೌಸಮೊದ್ದೀನನ್ನ ಕಳಸ್ತೇನಿ, ನೋಡಲಿ" ಎಂದರು, ಅಷ್ಟೇ.

ಗೌಸಮೊದ್ದೀನ ಬಂದವನೇ ಅಂಗೈಯಗಲದ ಒಂದು ಡಬ್ಬಿ ತೆಗೆದು, ಅದರ ವೈರನ್ನು ಸ್ಟೀರಿಂಗಿನ ಕೆಳಗೆ ಸಿಕ್ಕಿಸಿದ.

"ಇದೇನಪಾ? ಟಿವಿ ರಿಮೋಟ್ ಇದ್ದಂಗೈತಿ."

"ಸ್ಕ್ಯಾನರ್ ರೀ ಕಾಕಾ. ಗಾಡಿಗೆ ಏನರ ಆಗಿದ್ರ ತನ್ನ ಹೊಟ್ಟ್ಯಾಗ ನಂಬರ್ ಬರದಿಟ್ಟುಕೊಂಡಿರತೈತಿ, ಇದು ಓದಿ ಹೇಳತೈತಿ. ಮನಷ್ಯಾರಂಗ ಮುಚ್ಚಿಡೂದಿಲ್ಲ."

ಉಳವಪ್ಪ ಬಗ್ಗಿ ನೋಡಿದ. ಡಬ್ಬಿಯ ಮೇಲೆ ಅಕ್ಷರ ಓಡಿದವು, ಒಂದು ಸೊನ್ನೆ ಬಂದು ನಿಂತಿತು.

"ಒಂದೂ ಇಲ್ರಿ."

"ಸರಿಯಾಗಿ ನೋಡೋ ತಮ್ಮಾ. ಬಂದು ಹೋಗೂ ದೋಷ ಅದು."

"ಬಂದು ಹೋಗಿದ್ರೂ ಬರದಿರತೈತ್ರಿ. ಆತು, ಒಂದ ರೌಂಡ್ ಹೋಗೂಣು. ನೀವ ಹಿಡ್ಕೊಂಡು ಕುಂದರ್ರಿ ಇದನ್ನ."

ನವಲಗುಂದ ರಸ್ತೆಯ ಕಡೆ ತಿರುಗಿಸಲು ಹೊರಟವನನ್ನು ತಡೆದು ಉಳವಪ್ಪ ಉಣಕಲ್‌ಗೇ ನಡೆ ಎಂದ. ಡಬ್ಬಿಯನ್ನು ಎರಡೂ ಕೈಯಲ್ಲಿ, ಪ್ರಸಾದ ಹಿಡಿದಂತೆ ಹಿಡಿದಿದ್ದ. ಸಿಗ್ನಲ್ಲಿನಲ್ಲಿ ಕೆಂಪು ದೀಪ. ಗೌಸಮೊದ್ದೀನ ಬ್ರೇಕು ಒತ್ತಿದ. ಗಾಡಿ ನಿಂತಿತು, ಇಂಜಿನ್ನೂ ನಿಂತಿತು.

"ನೋಡು! ನೋಡು! ಹಿಂಗ ಆಗಿತ್ತು, ಖರೇ ಹಿಂಗ!" ಉಳವಪ್ಪ ಸೀಟಿನಿಂದ ಎದ್ದೇಬಿಟ್ಟ. ಮೂರು ವಾರದಲ್ಲಿ ಮೊದಲ ಸಲ ಅವನ ಮುಖ ಅರಳಿತು. "ನಾ ಹೇಳಲಿಲ್ಲೇನು?"

ಗೌಸಮೊದ್ದೀನ ನಕ್ಕ. "ಇದು ಕೆಟ್ಟಿದ್ದಲ್ರಿ ಕಾಕಾ. ಸಿಗ್ನಲ್ಲಿನ್ಯಾಗ ಪೆಟ್ರೋಲ್ ಉಳಸಾಕ ತಾನ ಬಂದಾಗತೈತಿ. ಕಾಲ ಎತ್ತಿದ್ರ ತಾನ ಏಳತೈತಿ. ನೋಡ್ರಿ."

ಹಸಿರು ಬಂತು. ಅವನು ಕಾಲೆತ್ತಿದ. ಗಾಡಿ ಹೊರಟಿತು.

ಉಳವಪ್ಪ ಡಬ್ಬಿ ನೋಡಿದ. ಸೊನ್ನೆ.

"ಮತ್ತ... ಚಾವಿ ತಿರುವಿದ್ರೂ ಚಾಲೂ ಆಗಲಿಲ್ಲ?"

"ಗೇರಿನ ಲಿವರ್ ಓಡೂ ಜಾಗಾದಾಗ ಬಿಟ್ಟು ಚಾವಿ ತಿರುವಿರಬೇಕು. ನಿಲ್ಲಿಸೂ ಜಾಗಾಕ್ಕ ತರದ ಆಗೂದಿಲ್ರಿ. ದಬ್ಬಿದ್ರೂ ಆಗೂದಿಲ್ಲ ಮತ್ತ! ಕಾಕಾನ ಅಂಬಾಸಿಡರ್ ಚಟ ಇನ್ನೂ ಹೋಗಿಲ್ಲ ನೋಡು."

ಅಂಗಳದಲ್ಲಿ ತೊಳೆದಾದ ಮೇಲೆ ಪ್ರತಿ ಸಲ ಆ ಲಿವರನ್ನು ಮುಂದೆ, ನಿಲ್ಲಿಸುವ ಜಾಗಕ್ಕೆ ತಳ್ಳಿಯೇ ಚಾವಿ ತೆಗೆಯುತ್ತಿದ್ದದ್ದು ಇದೇ ಕೈ. ಉಳವಪ್ಪ ಆ ಕೈಯನ್ನು ನೋಡಿಕೊಂಡ.

ಗೌಸಮೊದ್ದೀನ ಇನ್ನೇನೋ ಚೇಷ್ಟೆ ಮಾಡಲು ತಿರುಗಿ, ಅವನ ಮುಖ ಕಂಡು ಗಾಡಿಯನ್ನು ಬದಿಗೆ ಹಾಕಿದ.

"ಏನಾತ್ರಿ ಕಾಕಾ?"

"ಅವತ್ತ ಹಿಂದಿನ ಸೀಟಿನ್ಯಾಗ ನಿಮ್ಮ ಕಾಕು ಇದ್ಲೋ."

ಉಳವಪ್ಪ ಅವತ್ತಿನದೆಲ್ಲ ಹೇಳಿದ.

"ಇನ್ನೊಂದ ಸಲ ಹಚ್ಚಿ ನೋಡೋ" ಎಂದ ಉಳವಪ್ಪ.

ವೈರು ತೆಗೆದು ಮತ್ತೆ ಹಚ್ಚಿದ. ಸೊನ್ನೆ. ಉಳವಪ್ಪ ಕೇಳಿದನೆಂದು ಇನ್ನೂ ಒಂದು ಸಲ ಹಚ್ಚಿದ. ಆಮೇಲೆ ಕಿಸೆಯಿಂದ ಒಂದು ಚೀಟಿ ತೆಗೆದು, ಅದರ ಮೇಲೆ ಯಾವುದೋ ಒಂದು ನಂಬರ್ ಬರೆದು, ಉಳವಪ್ಪನ ಅಂಗಿಯ ಜೇಬಿಗೆ ತಾನೇ ತುರುಕಿದ. "ಈ ದೋಷ ಇತ್ತು, ತಗದೇವಿ ಅಂತ ಹೇಳ್ರಿ ಮನ್ಯಾಗ. ನಾನೂ ಅದ ಹೇಳ್ತೇನಿ. ಖುದಾ ನನ್ನ ಮಾಫ್ ಮಾಡ್ಲಿ."

ಮನೆಗೆ ಬಂದಾಗ ಕಾವೇರಿ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು.

"ಏನ ಸಿಕ್ತಪ್ಪಾ ಗಾಡ್ಯಾಗ?"

ಉಳವಪ್ಪನ ಕೈ ಜೇಬಿಗೆ ಹೋಯಿತು. ಚೀಟಿ ಬೆರಳಿಗೆ ಸಿಕ್ಕಿತು. ಅವತ್ತು ಸತ್ಯವ್ವನ ತಲೆ ಇದ್ದದ್ದು ಇವಳ ತೊಡೆಯ ಮೇಲೆ. ಕೈಯನ್ನು ಬರಿದಾಗಿಯೇ ಹೊರಗೆ ತೆಗೆದ.

"ಗಾಡಿ ಕೆಟ್ಟಿರಲಿಲ್ಲವ್ವಾ. ನನಗ ಗೊತ್ತಾಗಲಿಲ್ಲ."

ರೊಟ್ಟಿ ಬಡಿಯುವ ಸಪ್ಪಳ ನಿಂತಿತು. ಉಳವಪ್ಪ ಗೋಡೆಗೆ ಆತು ಕೂತ. ಅವಳು ದಿನವೂ ಹೇಳುತ್ತಿದ್ದ ಮಾತನ್ನು ಇವತ್ತು ಹೇಳುವಂತಿಲ್ಲ ಎಂದು ಅವನಿಗೆ ಗೊತ್ತಿತ್ತು. ಗೊತ್ತಿದ್ದೂ ಕಾದ. ಹಂಚಿನ ಮೇಲಿನ ರೊಟ್ಟಿ ಹೊತ್ತಿ ಖೋಲಿಯ ತುಂಬ ಹೊಗೆ ಆಡಿತು. ಇಬ್ಬರೂ ಏಳಲಿಲ್ಲ.