ರಾಯರ ಸಂದರ್ಶನಗಳು

ಸೋಮವಾರಪೇಟೆಯ ಹೆಣ್ಣುಮಕ್ಕಳ ಶಾಲೆಯಲ್ಲಿ ಪಾಠ ಹೇಳುತ್ತಿದ್ದ ವನಜಮ್ಮನಿಗೆ ಒಂದು ಕಾಲಕ್ಕೆ ಕಾದಂಬರಿಕಾರ ಚಂದ್ರಮೌಳಿರಾಯರೆಂದರೆ ಪ್ರಾಣ. ಅವರ ಪುಸ್ತಕ ಓದಿ ಮುಗಿಸಿದರೂ ಆಸೆ ತೀರದೆ, ಮೈಸೂರಿನಿಂದ ಬರುವ ಪತ್ರಿಕೆಗಳಲ್ಲಿ ಅವರ ಸಂದರ್ಶನಗಳನ್ನು ಹುಡುಕಿ ಓದುತ್ತಿದ್ದಳು. ಬಸ್ ನಿಲ್ದಾಣದಲ್ಲಿ ಪತ್ರಿಕೆ ಮಾರುವ ಕುಶಾಲಪ್ಪ ಅವಳಿಗೆಂದೇ ಒಂದೊಂದು ಪ್ರತಿ ತೆಗೆದಿಡುತ್ತಿದ್ದ.

ಆ ಭಕ್ತಿಯಲ್ಲೇ ಅವಳು ಅಕ್ಕ ಲಿಂಗಮ್ಮನ ಕತೆಯನ್ನು ನೋಟ್‌ಬುಕ್ಕಿನಲ್ಲಿ ಬರೆದು, ಅಭಿಪ್ರಾಯ ತಿಳಿಸಿ ಎಂದು ರಾಯರಿಗೆ ರಿಜಿಸ್ಟರ್ ಅಂಚೆಯಲ್ಲಿ ಕಳಿಸಿದ್ದು. ಜ್ವರ ಹಿಡಿದ ಅಕ್ಕನನ್ನು ಗಂಡನ ಮನೆಯವರು ಗಾಡಿಯಲ್ಲಿ ಮಲಗಿಸಿ ತಂದು, ತವರಿನ ಅಂಗಳದಲ್ಲಿ ಇಳಿಸಿ ಹೋಗಿದ್ದರು. ಮೂರನೆಯ ದಿನ ಅಕ್ಕ "ನನ್ನ ಕಿಣಿಬಳ್ಳಿ ಕೊಡಿ" ಎಂದು ಕೇಳುತ್ತ ಕಣ್ಣುಮುಚ್ಚಿದಳು.

ರಾಯರಿಂದ ಉತ್ತರ ಬರಲಿಲ್ಲ. ಎರಡು ವರ್ಷಕ್ಕೆ ಅವರ ಹೊಸ ಕಾದಂಬರಿ ಬಂತು. ಗಾಡಿ, ಅಂಗಳ, ಜ್ವರ, ಕಿಣಿಬಳ್ಳಿ ಎಲ್ಲವೂ ಅದರಲ್ಲಿತ್ತು; ಅಕ್ಕನ ಹೆಸರೊಂದು ಇರಲಿಲ್ಲ. ವನಜಮ್ಮ ಬರೆದ ಮೂರು ಕಾಗದಗಳಿಗೂ ಜವಾಬಿಲ್ಲ.

ಆಮೇಲೆ ಅವಳು ಸಂದರ್ಶನಗಳನ್ನು ಬೇರೆಯೇ ಕಣ್ಣಿನಿಂದ ಹುಡುಕತೊಡಗಿದಳು.

"ಟೀಚರಮ್ಮ, ಈ ವಾರನೂ ನಿಮ್ಮ ರಾಯರು ಬಂದಿದ್ದಾರೆ ನೋಡಿ" ಎಂದ ಕುಶಾಲಪ್ಪ.

"ನನ್ನ ರಾಯರಲ್ಲ. ಕೊಡಿ ಇಲ್ಲಿ."

ಒಂದರಲ್ಲಿ ರಾಯರು, ಇದು ಅಜ್ಜಿ ಹೇಳಿದ ಕತೆ ಎಂದಿದ್ದರು. ಇನ್ನೊಂದರಲ್ಲಿ, ಇಡೀ ಕತೆ ಕನಸಿನಲ್ಲಿ ಕಂಡಿತು ಎಂದಿದ್ದರು. ಮೂರನೆಯದರಲ್ಲಿ ಕಿಣಿಬಳ್ಳಿಯ ಪ್ರಶ್ನೆ ಬಂದಿತ್ತು: ಅದು ತಮ್ಮ ಹಿತ್ತಲ ಬಾವಿಯ ಪಕ್ಕ ಹಬ್ಬಿದ್ದ ಹಳದಿ ಹೂವಿನ ಬಳ್ಳಿ! ವನಜಮ್ಮನ ಮೈ ಉರಿಯಿತು, ಜೊತೆಗೆ ನಗುವೂ ಬಂತು. ಕಿಣಿಬಳ್ಳಿ ಹೂವೂ ಅಲ್ಲ, ಬಳ್ಳಿಯೂ ಅಲ್ಲ. ಮನೆಯ ಕರುವಿನ ಕೊರಳ ಗೆಜ್ಜೆದಾರಕ್ಕೆ ಅಕ್ಕತಂಗಿಯರು ಚಿಕ್ಕಂದಿನಲ್ಲಿ ಇಟ್ಟ ಹೆಸರು. ಅದನ್ನು ನೋಟ್‌ಬುಕ್ಕಿನಲ್ಲಿ ವಿವರಿಸಲು ಅವಳು ಮರೆತಿದ್ದಳು.

ಮುಂದಿನ ಬೇಸಿಗೆಯಲ್ಲಿ ರಾಯರು ಮಡಿಕೇರಿಯ ಸಾಹಿತ್ಯ ಸಭೆಗೆ ಬಂದರು. ವನಜಮ್ಮ ಮೊದಲ ಬಸ್ಸಿಗೇ ಹತ್ತಿದಳು. ಭಾಷಣ ಮುಗಿದು, ಪ್ರಶ್ನೆ ಕೇಳಬಹುದು ಎಂದಾಗ ಎದ್ದು ನಿಂತಳು.

"ಕಿಣಿಬಳ್ಳಿ ಎಂದರೇನು ಸಾರ್?"

"ಹಳದಿ ಹೂವಿನ ಬಳ್ಳಿಯಮ್ಮ. ನಮ್ಮಜ್ಜಿ ದಿನಾ ಮುಡಿಯೋರು."

"ಕತೆ ಹೇಳಿದ್ದೂ ಆ ಅಜ್ಜಿಯೇನಾ? ಇಲ್ಲಿ ಕನಸಲ್ಲಿ ಕಂಡೆ ಅಂದಿದ್ದೀರಲ್ಲ?" ಅವಳು ಜೊತೆಗೆ ತಂದಿದ್ದ ಎರಡೂ ಪತ್ರಿಕೆಗಳನ್ನು ಓದಿ ಹೇಳಿದಳು. ಸಭೆ ಗುಜುಗುಜು ಎಂದಿತು. ರಾಯರು ಅಧ್ಯಕ್ಷರ ಮುಖ ನೋಡಿದರು.

ಅವಳು ಚೀಲದಿಂದ ಗೆಜ್ಜೆದಾರ ತೆಗೆದು ಅಲ್ಲಾಡಿಸಿದಳು. ಇಡೀ ಸಭಾಂಗಣಕ್ಕೆ ಕೇಳಿಸಿತು.

"ಇದು ಕಿಣಿಬಳ್ಳಿ. ನಮ್ಮನೆ ಕರುವಿನದು. ನಮ್ಮಕ್ಕ ಸಾಯೋವಾಗ ಇದನ್ನ ಕೇಳಿದ್ಲು, ನೀವು ಅವಳ ತಲೆಗೆ ಹೂ ಮುಡಿಸಿದ್ರಿ. ನಾನು ನಿಮಗೆ ನೋಟ್‌ಬುಕ್ ಕಳಿಸಿದ್ದಕ್ಕೆ ಅಂಚೆಯ ರಸೀದಿ ಇಲ್ಲಿದೆ, ತಾರೀಖು ನೋಡ್ಕೊಳ್ಳಿ."

ಯಾರೋ ನಕ್ಕರು. ರಾಯರು ನೀರಿನ ಲೋಟಕ್ಕೆ ಕೈ ಹಾಕಿದರು, ಕುಡಿಯಲಿಲ್ಲ.

ಸಭೆ ಚದುರಿದ ಮೇಲೆ ಅವರೇ ಅವಳನ್ನು ಹುಡುಕಿಕೊಂಡು ಬಂದರು. "ತಪ್ಪಾಯ್ತಮ್ಮ. ಮುಂದಿನ ಮುದ್ರಣದಲ್ಲಿ ನಿಮ್ಮ ಹೆಸರು ಹಾಕಿಸ್ತೀನಿ."

"ನನ್ನ ಹೆಸರು ಬೇಡ. ನೋಟ್‌ಬುಕ್ ಕೊಡಿ."

"ಅದು... ಎಲ್ಲೋ ಹಾಳಾಯ್ತು."

ಅಕ್ಕನ ನೆನಪನ್ನು ಅವಳು ಬರೆದಿಟ್ಟಿದ್ದ ಪ್ರತಿ ಅದೊಂದೇ. ವನಜಮ್ಮ ಅವರನ್ನು ನೆಟ್ಟ ನೋಟದಿಂದ ನೋಡಿದಳು.

"ಹಾಗಿದ್ರೆ ಇನ್ಮೇಲೆ ನೀವು ಎಲ್ಲೆಲ್ಲಿ ಬಾಯಿ ತೆಗೀತೀರೋ ಅಲ್ಲೆಲ್ಲ ನಾನಿರ್ತೀನಿ."

ಹೇಳಿದಂತೆ ನಡೆದುಕೊಂಡಳು. ರಾಯರ ಸಂದರ್ಶನ ಎಲ್ಲಿ ಅಚ್ಚಾದರೂ ವಾರದೊಳಗೆ ಸಂಪಾದಕರಿಗೆ ಅವಳ ಕಾಗದ ತಲುಪುತ್ತಿತ್ತು. ಕೆಲವರು ಹರಿದೆಸೆದರು, ಇಬ್ಬರು ಅಚ್ಚುಹಾಕಿದರು. ಅಷ್ಟೇ ಸಾಕಾಯಿತು. ರಾಯರು ಪತ್ರಿಕೆಯವರನ್ನು ಮನೆಯ ಬಾಗಿಲಿಂದಲೇ ಹಿಂದಕ್ಕೆ ಕಳಿಸತೊಡಗಿದರು.

"ಪಾಪ, ಮುದುಕರಾದ್ರು, ಬಿಟ್ಬಿಡಿ ಟೀಚರಮ್ಮ" ಎಂದ ಕುಶಾಲಪ್ಪ ಒಂದು ದಿನ.

"ನಮ್ಮಕ್ಕ ಮುದುಕಿಯಾಗ್ಲಿಲ್ಲ" ಎಂದಳು ವನಜಮ್ಮ.